380 ಯುರೋ ಕೋಣೆ ಎಲ್ಲಿದೆ?

ಮಕ್ಕಳು ಜರ್ಮನಿಗೆ ಓದಲು ಹೊರಟಿರುವ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಒಂದು ಅಂಕಿ ಇದೆ: 11,904. ವೀಸಾ ಸಿಗಬೇಕಾದರೆ ಅಷ್ಟು ಯುರೋವನ್ನು ಮೊದಲೇ ಒಂದು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. ಅಲ್ಲಿಗೆ ಹೋದ ಮೇಲೆ ಅದೇ ದುಡ್ಡು ತಿಂಗಳಿಗೆ 992 ಯುರೋದಂತೆ ಕೈಗೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ ಜಾರಿಗೆ ಬಂತು. ಅಪ್ಪ ಸಾಲ ಮಾಡಿಯೋ, ಸೈಟ್ ಮಾರಿಯೋ ಹೇಗೋ ಹೊಂದಿಸುತ್ತಾರೆ. ಆದರೆ ಈ 992 ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಅದು ಬಂದದ್ದು ಬಾಫೊಗ್ ಎಂಬ ಕಾನೂನಿನಿಂದ. 1971ರಲ್ಲಿ ಜರ್ಮನಿ ತನ್ನ ಕಡಿಮೆ ಆದಾಯದ ಮನೆಗಳ ಮಕ್ಕಳು ಓದಲಿ ಎಂದು ಮಾಡಿದ ಕಾನೂನು ಇದು. ಅರ್ಧ ಸಹಾಯಧನ, ಇನ್ನರ್ಧ ಬಡ್ಡಿಯಿಲ್ಲದ ಸಾಲ. ಬೇರೆ ಊರಲ್ಲಿ ಕೋಣೆ ಮಾಡಿಕೊಂಡು ಓದುವವರಿಗೆ ಗರಿಷ್ಠ ಮೊತ್ತ ತಿಂಗಳಿಗೆ 992 ಯುರೋ. ಅದನ್ನು ಬಿಡಿಸಿ ನೋಡಿದರೆ ಹೀಗಿದೆ: ಊಟ, ಬಟ್ಟೆ, ಪುಸ್ತಕ ಎಲ್ಲ ಸೇರಿ 475. ವಿಮೆಗೆ 137. ಕೋಣೆಯ ಬಾಡಿಗೆಗೆ 380. ಓದಿನ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಸಾಮಾನ್ಯವಾಗಿ ಬಾಫೊಗ್‌ನ ಒಂದು ಯುರೋ ಕೂಡ ಸಿಗುವುದಿಲ್ಲ. ಆದರೆ ಅವರು ಎಷ್ಟು ದುಡ್ಡು ತೋರಿಸಬೇಕು ಎಂದು ಅಳೆಯುವ ಕೋಲು ಮಾತ್ರ ಅದೇ.

ಅಂದರೆ ಜರ್ಮನ್ ಸರ್ಕಾರ ಹೇಳುತ್ತಿರುವುದು ಇಷ್ಟು: ನಮ್ಮ ದೇಶದಲ್ಲಿ ಒಬ್ಬ ವಿದ್ಯಾರ್ಥಿಗೆ 380 ಯುರೋಗೆ ಕೋಣೆ ಸಿಗುತ್ತದೆ.

ಸಿಗುತ್ತದಾ? ಬರ್ಲಿನ್‌ನ ಮೋಸೆಸ್ ಮೆಂಡೆಲ್ಸನ್ ಸಂಸ್ಥೆ ಪ್ರತಿ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಹಂಚಿಕೊಂಡ ಮನೆಗಳಲ್ಲಿ ಒಂದು ಕೋಣೆಯ ಬಾಡಿಗೆ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. 2024ರ ಚಳಿಗಾಲದ ಸೆಮಿಸ್ಟರ್‌ಗೆ ಇಡೀ ದೇಶದ ಸರಾಸರಿ 489 ಯುರೋ ಇತ್ತು. ಮರುವರ್ಷ 505. ಮ್ಯೂನಿಕ್‌ನಲ್ಲಿ 800. ಅಲ್ಲಿಗೆ ಹೋಗುವ ಹುಡುಗಿಯೊಬ್ಬಳ ಲೆಕ್ಕ ಹಾಕಿ ನೋಡಿ. 992ರಲ್ಲಿ 800 ಬಾಡಿಗೆ ಹೋಯಿತು. 137 ವಿಮೆಗೆ ಹೋಯಿತು. ಉಳಿದದ್ದು 55 ಯುರೋ. ಅದರಲ್ಲಿ ಒಂದು ತಿಂಗಳ ಊಟ, ಫೋನು, ಬಸ್ಸು, ಚಳಿಗಾಲಕ್ಕೊಂದು ಜಾಕೆಟ್.

ಹಾಗಾದರೆ 380 ಎನ್ನುವುದು ಬರೀ ಸುಳ್ಳು ಲೆಕ್ಕವಾ? ಪೂರ್ತಿ ಅಲ್ಲ. ಆ ಬೆಲೆಗೆ, ಅದಕ್ಕಿಂತ ಕಡಿಮೆಗೂ, ಕೋಣೆ ಕೊಡುವ ಒಂದು ಜಾಗ ಜರ್ಮನಿಯ ಪ್ರತಿ ವಿಶ್ವವಿದ್ಯಾಲಯದ ಊರಲ್ಲೂ ಇದೆ. ಅದರ ಹೆಸರು ಶ್ಟುಡೀರೆಂಡೆನ್‌ವೆರ್ಕ್. ಹೇಳಲು ನಾಲಿಗೆ ತಿರುಚಿಕೊಳ್ಳುತ್ತದೆ, ಹಾಗಾಗಿ ಇಲ್ಲಿ ಸುಮ್ನೆ ವೆರ್ಕ್ ಎನ್ನೋಣ. ಜರ್ಮನಿಯಲ್ಲಿ ಓದು ಅಗ್ಗ ಎಂದು ಹೇಳುವಾಗ ಎಲ್ಲರೂ ವಿಶ್ವವಿದ್ಯಾಲಯದ ಫೀಸಿನ ಬಗ್ಗೆ ಮಾತಾಡುತ್ತಾರೆ. ನನಗೆ ಅನ್ನಿಸುವುದು ಬೇರೆ. ಆ ಮಾತನ್ನು ನಿಜ ಮಾಡುವುದೋ ಸುಳ್ಳು ಮಾಡುವುದೋ ಈ ವೆರ್ಕ್. ಓದು ಅಗ್ಗವಾಗಿ, ಬದುಕು ದುಬಾರಿಯಾದರೆ ಒಟ್ಟು ಲೆಕ್ಕ ದುಬಾರಿಯೇ ಅಲ್ವಾ?

ಈ ವೆರ್ಕ್ ವಿಶ್ವವಿದ್ಯಾಲಯದ ವಿಭಾಗವಲ್ಲ. ಸರ್ಕಾರಿ ಇಲಾಖೆಯೂ ಅಲ್ಲ. ಆಯಾ ರಾಜ್ಯದ ಕಾನೂನಿನಡಿ ನಿಂತಿರುವ, ತನ್ನದೇ ಲೆಕ್ಕಪತ್ರ ಇರುವ ಸಾರ್ವಜನಿಕ ಸಂಸ್ಥೆ. ನಮ್ಮಲ್ಲಿ ನಿಗಮ ಎನ್ನುತ್ತೇವಲ್ಲ, ಹತ್ತಿರ ಹತ್ತಿರ ಹಾಗೆ. ಲಾಭ ಮಾಡುವಂತಿಲ್ಲ. ಇಡೀ ದೇಶದಲ್ಲಿ ಇಂಥ 57 ಸಂಸ್ಥೆಗಳಿವೆ. ಬರ್ಲಿನ್‌ಗೆ ಒಂದು, ಹ್ಯಾಂಬರ್ಗ್‌ಗೆ ಒಂದು, ಇಡೀ ಥುರಿಂಗಿಯಾ ರಾಜ್ಯಕ್ಕೆ ಒಂದು. ಬವೇರಿಯಾದಲ್ಲಿ ಆರು. ಅದರಲ್ಲಿ ದೊಡ್ಡದು ಮ್ಯೂನಿಕ್‌ನದ್ದು: ಶ್ಟುಡೀರೆಂಡೆನ್‌ವೆರ್ಕ್ ಮ್ಯೂನಿಕ್ ಓಬರ್‌ಬಾಯರ್ನ್. ಓಬರ್‌ಬಾಯರ್ನ್ ಅಂದರೆ ಮ್ಯೂನಿಕ್ ಮತ್ತು ಸುತ್ತಲಿನ ಸೀಮೆ, ಮೇಲಿನ ಬವೇರಿಯಾ. ಮ್ಯೂನಿಕ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳಷ್ಟೇ ಅಲ್ಲ, ಫ್ರೈಸಿಂಗ್, ರೋಸೆನ್‌ಹೈಮ್‌ನಂಥ ಊರುಗಳ ಕಾಲೇಜುಗಳ ಮಕ್ಕಳನ್ನೂ ಇದೇ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಬವೇರಿಯಾಕ್ಕೂ ಕರ್ನಾಟಕಕ್ಕೂ 2007ರಿಂದ ಒಪ್ಪಂದದ ನಂಟಿದೆ. ಅದರಿಂದ ಯಾರಿಗೂ ಕೋಣೆ ಬೇಗ ಸಿಗುವುದಿಲ್ಲ ಬಿಡಿ. ಆದರೂ ನಮ್ಮ ಹುಡುಗರು ಜಾಸ್ತಿ ಹೋಗುವ ಕಡೆಯೇ ಆಗಿರುವುದರಿಂದ ಮ್ಯೂನಿಕ್ ಉದಾಹರಣೆ ಹಿಡಿದುಕೊಂಡೇ ಮುಂದೆ ಹೋಗೋಣ.

ಇದೆಲ್ಲ ಶುರುವಾದದ್ದು ಹಸಿವಿನಿಂದ. ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯ ವಿದ್ಯಾರ್ಥಿಗಳ ಕೈಯಲ್ಲಿ ಕಾಸಿರಲಿಲ್ಲ. ಮನೆಯವರು ಕಳಿಸಿದ ದುಡ್ಡನ್ನು ಬೆಲೆ ಏರಿಕೆ ನುಂಗುತ್ತಿತ್ತು. ನಮ್ಮಲ್ಲಿ ಅದೇ ಕಾಲದ ಬಡ ಹುಡುಗರು ವಾರಾನ್ನ ಮಾಡಿ ಓದಿದರು, ದಿನಕ್ಕೊಂದು ಮನೆಯಲ್ಲಿ ಊಟ. ಅಲ್ಲಿಯ ಹುಡುಗರು ತಾವೇ ಸೇರಿ ಅಡುಗೆಮನೆ ತೆರೆದರು. ಬೂಟು ರಿಪೇರಿ ಅಂಗಡಿ ಇಟ್ಟರು. ಸಾಲದ ನಿಧಿ ಕಟ್ಟಿದರು. ಊರೂರಿನ ಈ ಸ್ವಸಹಾಯ ಸಂಘಗಳು 1921ರ ಫೆಬ್ರವರಿಯಲ್ಲಿ ಟ್ಯೂಬಿಂಗೆನ್‌ನಲ್ಲಿ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1929ರಲ್ಲಿ ಅದಕ್ಕೆ ಡಾಯ್ಚೆಸ್ ಶ್ಟುಡೆಂಟೆನ್‌ವೆರ್ಕ್ ಎಂದು ಹೆಸರಾಯಿತು. ನಾಜಿಗಳು ಬಂದ ಮೇಲೆ ಎಲ್ಲವನ್ನೂ ತಮ್ಮ ಮುಷ್ಟಿಗೆ ತೆಗೆದುಕೊಂಡರು. ಮ್ಯೂನಿಕ್‌ನ ವೆರ್ಕ್ ನಡೆಸುತ್ತಿದ್ದ ಫ್ರಿಟ್ಸ್ ಬೆಕ್ ಎಂಬವರನ್ನು 1934ರ ಜೂನ್ 30ರಂದು, ಹಿಟ್ಲರ್ ತನ್ನ ವಿರೋಧಿಗಳನ್ನು ಒಂದೇ ಏಟಿಗೆ ಮುಗಿಸಿದ ದಿನಗಳಲ್ಲಿ, ಕೊಂದು ಹಾಕಿದರು. ಅವರು ರಾಜಕಾರಣಿ ಅಲ್ಲ. ಹುಡುಗರಿಗೆ ಊಟ, ಜಾಗ ಹೊಂದಿಸುತ್ತಿದ್ದ ಮನುಷ್ಯ.

ಎರಡನೇ ಯುದ್ಧದ ನಂತರ ಇದು ರಾಜ್ಯಗಳ ಹೊಣೆಯಾಯಿತು. 1970ರ ದಶಕದಲ್ಲಿ ಹೆಚ್ಚಿನ ಕಡೆ ಸಂಘದ ರೂಪ ಹೋಗಿ ಕಾನೂನಿನ ಸಂಸ್ಥೆಯ ರೂಪ ಬಂತು. ಹೆಸರು ಮಾತ್ರ ಇತ್ತೀಚೆಗೆ ಬದಲಾದದ್ದು. ಶ್ಟುಡೆಂಟೆನ್ ಎಂಬುದು ಜರ್ಮನ್‌ನಲ್ಲಿ ಪುಲ್ಲಿಂಗ. ಶ್ಟುಡೀರೆಂಡೆ ಅಂದರೆ ಓದುತ್ತಿರುವವರು, ಗಂಡಾದರೂ ಸರಿ ಹೆಣ್ಣಾದರೂ ಸರಿ. ಹೀಗಾಗಿ ಒಂದೊಂದೇ ಸಂಸ್ಥೆ ಬೋರ್ಡು ಬದಲಿಸುತ್ತಾ ಬಂತು. ಡ್ರೆಸ್ಡೆನ್, ಲೈಪ್ಸಿಗ್‌ನವರು ಹಳೆ ಹೆಸರನ್ನೇ ಉಳಿಸಿಕೊಂಡಿದ್ದಾರೆ.

ಕೆಲಸಗಳು ಮೂರ್ನಾಲ್ಕು. ಮೆಸ್ ನಡೆಸುವುದು, ಕೋಣೆ ಕೊಡುವುದು, ಹೆಚ್ಚಿನ ರಾಜ್ಯಗಳಲ್ಲಿ ಬಾಫೊಗ್ ಅರ್ಜಿ ನೋಡುವುದು, ಮತ್ತೆ ಸಲಹೆ. ಮಾನಸಿಕ ಒತ್ತಡಕ್ಕೆ ಸಲಹೆ, ಬಾಡಿಗೆ ಕರಾರಿನ ತಕರಾರಿಗೆ ಕಾನೂನು ಸಲಹೆ, ದುಡ್ಡಿನ ತೊಂದರೆಗೆ ಸಲಹೆ. ಓದುತ್ತಾ ಮಗು ಸಾಕುವವರಿಗೆ ಶಿಶುವಿಹಾರವೂ ಇದೆ. ದೇಶದಲ್ಲಿ ಸುಮಾರು 200 ಶಿಶುವಿಹಾರಗಳನ್ನು ಈ ವೆರ್ಕ್‌ಗಳೇ ನಡೆಸುತ್ತವೆ. ಸೆಮಿಸ್ಟರ್ ಮಧ್ಯದಲ್ಲಿ, ಕತ್ತಲೆ ನಾಲ್ಕೂವರೆಗೇ ಕವಿಯುವ ಡಿಸೆಂಬರ್‌ನಲ್ಲಿ, ಮಾತಾಡಲು ಯಾರೂ ಇಲ್ಲ ಎನಿಸಿದಾಗ ಹೋಗಿ ಕೂತು ಮಾತಾಡಬಹುದಾದ ಜಾಗ ಇದೆ ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ಬೇಕಾದ ದುಡ್ಡನ್ನು ಅವರು ಆಗಲೇ ಕಟ್ಟಿರುತ್ತಾರೆ.

ಹೌದು, ಕಟ್ಟಿರುತ್ತಾರೆ. ಸೆಮಿಸ್ಟರ್ ಶುಲ್ಕ ಎಂದು ವಿಶ್ವವಿದ್ಯಾಲಯ ವಸೂಲು ಮಾಡುತ್ತದಲ್ಲ, ಅದರೊಳಗೆ ವೆರ್ಕ್‌ನ ವಂತಿಗೆ ಇರುತ್ತದೆ. ಮ್ಯೂನಿಕ್‌ನಲ್ಲಿ ಅದು ಸೆಮಿಸ್ಟರ್‌ಗೆ ನೂರು ಯುರೋಗೂ ಕಡಿಮೆ. ಎಲ್ಲರೂ ಕಟ್ಟಲೇಬೇಕು. ಮೆಸ್‌ಗೆ ಕಾಲಿಡದವರೂ, ಅಪ್ಪನ ಮನೆಯಲ್ಲೇ ಇರುವವರೂ.

ಮೆಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಅಲ್ಲಿ ಮೆನ್ಸಾ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಆ ಮಾತಿಗೆ ಮೇಜು ಎಂದೇ ಅರ್ಥ. ಕಾರ್ಡ್ ಇಟ್ಟರೆ ದುಡ್ಡು ಕಳೆಯುತ್ತದೆ. ಒಂದೇ ತಟ್ಟೆಗೆ ಮೂರು ಬೆಲೆ: ವಿದ್ಯಾರ್ಥಿಗೆ ಒಂದು, ನೌಕರನಿಗೆ ಒಂದು, ಹೊರಗಿನವರಿಗೆ ಒಂದು. ಮಧ್ಯಾಹ್ನದ ಊಟವೇ ಮುಖ್ಯ, ರಾತ್ರಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ನಮ್ಮ ಸಸ್ಯಾಹಾರಿ ಮನೆಗಳ ದೊಡ್ಡ ಚಿಂತೆ ಊಟದ್ದೇ ತಾನೆ. ಆ ಚಿಂತೆ ಹತ್ತು ವರ್ಷ ಹಳೆಯದು ಎನ್ನಬೇಕು. ಬರ್ಲಿನ್‌ನ ಮೆನ್ಸಾಗಳು 2021ರ ಅಕ್ಟೋಬರ್‌ನಲ್ಲಿ ತಮ್ಮ ಪಟ್ಟಿಯನ್ನೇ ತಿರುಗಿಸಿ ಹಾಕಿದವು. ನೂರಕ್ಕೆ 68 ಪಾಲು ಹಾಲು ಮೊಟ್ಟೆ ಕೂಡ ಇಲ್ಲದ ಅಡುಗೆ, 28 ಪಾಲು ಸಸ್ಯಾಹಾರ, ಮೀನು ಎರಡು, ಮಾಂಸ ಎರಡು. ಇದಕ್ಕೆ ಕಾರಣ ಹವಾಮಾನದ ಕಾಳಜಿಯೇ ಹೊರತು ನಮ್ಮ ಮಡಿ ಅಲ್ಲ. ಎಲ್ಲ ಊರಲ್ಲೂ ಇಷ್ಟಿಲ್ಲ, ಆದರೆ ಯಾವ ತಿಂಡಿಯಲ್ಲಿ ಹಂದಿ, ಯಾವುದರಲ್ಲಿ ದನದ ಮಾಂಸ, ಯಾವುದರಲ್ಲಿ ಏನೂ ಇಲ್ಲ ಎಂದು ಗುರುತು ಹಾಕಿರುತ್ತಾರೆ. ರುಚಿಯ ಬಗ್ಗೆ ಮಾತ್ರ ಯಾವ ಗುರುತೂ ಇಲ್ಲ. ಉಪ್ಪಿನಕಾಯಿ ಡಬ್ಬಿ ಬ್ಯಾಗಲ್ಲಿ ಇರಲಿ.

ಊಟ ಹೇಗೋ ಆಗುತ್ತದೆ. ಕಷ್ಟ ಇರುವುದು ಕೋಣೆಯದ್ದು.

ವೆರ್ಕ್‌ಗಳೆಲ್ಲದರ ಹಾಸ್ಟೆಲುಗಳಲ್ಲಿ ಸೇರಿ ಸುಮಾರು 1,96,000 ಜಾಗಗಳಿವೆ. ಬಾಡಿಗೆ ಸರಾಸರಿ 300 ಯುರೋ ಆಸುಪಾಸು, ಹೀಟರ್ ನೀರು ಎಲ್ಲ ಸೇರಿ. 380ರ ಲೆಕ್ಕ ಇಲ್ಲಿ ಕೂಡುತ್ತದೆ. ಆದರೆ ದೇಶದಲ್ಲಿ ಓದುತ್ತಿರುವವರು 28 ಲಕ್ಷಕ್ಕೂ ಜಾಸ್ತಿ. ಅಂದರೆ ನೂರು ಜನಕ್ಕೆ ಏಳು ಕೋಣೆ. 2007ರ ಹೊತ್ತಿಗೆ ಓದುವವರು 19 ಲಕ್ಷದಷ್ಟಿದ್ದರು. ಅಲ್ಲಿಂದ ಇಲ್ಲಿಗೆ ಸಂಖ್ಯೆ ಹತ್ತಿರ ಹತ್ತಿರ ಒಂದೂವರೆ ಪಟ್ಟಾಯಿತು. ಸರ್ಕಾರದ ನೆರವಿನ ಹಾಸ್ಟೆಲ್ ಜಾಗಗಳು ಹೆಚ್ಚಿದ್ದು ನೂರಕ್ಕೆ ಐದಾರು ಮಾತ್ರ. ಪಾಠಕ್ಕೆ ಕೊಠಡಿ ಕಟ್ಟಿದರು, ಮಲಗುವುದಕ್ಕೆ ಕಟ್ಟಲಿಲ್ಲ.

ಈ ಹೆಚ್ಚಿದವರಲ್ಲಿ ನಮ್ಮವರ ಪಾಲು ಚಿಕ್ಕದಲ್ಲ. 2022ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಭಾರತೀಯರು ಚೀನೀಯರನ್ನು ದಾಟಿ ಜರ್ಮನಿಯ ಅತಿ ದೊಡ್ಡ ವಿದೇಶಿ ವಿದ್ಯಾರ್ಥಿ ಗುಂಪಾದರು. ಆಗ ಸುಮಾರು 43,000. ಮರುವರ್ಷ 49,483. ಅದರ ಮರುವರ್ಷ 59,419. ಎರಡೇ ವರ್ಷದಲ್ಲಿ 16 ಸಾವಿರ ಜನ ಹೆಚ್ಚಾದರು. ಮ್ಯೂನಿಕ್ ವೆರ್ಕ್‌ನ ಎಲ್ಲ ಹಾಸ್ಟೆಲುಗಳನ್ನು ಸೇರಿಸಿದರೂ ಇರುವ ಜಾಗ 11 ಸಾವಿರದ ಆಸುಪಾಸು. ಇಡೀ ಮ್ಯೂನಿಕ್ ವೆರ್ಕ್ ಖಾಲಿ ಮಾಡಿ ಕೊಟ್ಟಿದ್ದರೂ ಈ ಎರಡು ವರ್ಷದ ಹೆಚ್ಚುವರಿ ಭಾರತೀಯರಿಗೇ ಸಾಕಾಗುತ್ತಿರಲಿಲ್ಲ.

ಜರ್ಮನ್ ಹುಡುಗನಿಗೂ ವಿದೇಶಿ ಹುಡುಗನಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಲಿಯವನಿಗೆ ಕೋಣೆ ಸಿಗದಿದ್ದರೆ ಆರು ತಿಂಗಳು ಮನೆಯಿಂದ ರೈಲಲ್ಲಿ ಓಡಾಡಬಹುದು. ಯಾವುದೋ ಅತ್ತೆ ಮನೆ ಇರಬಹುದು. ಖಾಸಗಿ ಮಾಲೀಕ ಕೇಳುವ ಸಂಬಳ ಚೀಟಿ, ಸಾಲದ ಚರಿತ್ರೆ ಅವನ ಅಪ್ಪ ಕೊಡುತ್ತಾನೆ. ದಾವಣಗೆರೆಯಿಂದ ಹೋದವಳು ಅದ್ಯಾವುದನ್ನೂ ತೋರಿಸಲಾರಳು. ಮೇಲಾಗಿ ವಿಳಾಸ ಇಲ್ಲದೆ ಊರಿನ ಕಚೇರಿಯಲ್ಲಿ ಹೆಸರು ನೋಂದಾಯಿಸುವಂತಿಲ್ಲ. ನೋಂದಣಿಗೆ ಮಾಲೀಕನ ಸಹಿ ಇರುವ ಕಾಗದ ಬೇಕು. ನೋಂದಣಿ ಇಲ್ಲದಿದ್ದರೆ ಮುಂದಿನ ಒಂದೊಂದು ಕೆಲಸವೂ ನಿಲ್ಲುತ್ತದೆ. ಹೀಗೆ ಕೋಣೆ ಇಲ್ಲಿ ಬರೀ ಕೋಣೆ ಅಲ್ಲ, ಮೊದಲ ಕಾಗದ. ವೆರ್ಕ್‌ನ ಹಾಸ್ಟೆಲುಗಳಲ್ಲಿ ವಿದೇಶಿಯರ ಪಾಲು ವಿಶ್ವವಿದ್ಯಾಲಯಗಳಲ್ಲಿ ಇರುವುದಕ್ಕಿಂತ ಹೆಚ್ಚು. ಅದಕ್ಕೆ ಕಾರಣ ಇದೇ. ಖಾಸಗಿ ಬಾಗಿಲು ತೆರೆಯದವರು ಸಾರ್ವಜನಿಕ ಬಾಗಿಲಿಗೆ ಬರುತ್ತಾರೆ.

ಆ ಬಾಗಿಲೂ ತೆರೆಯದಿದ್ದಾಗ ಮೋಸಗಾರರು ಬರುತ್ತಾರೆ. ಚೆಂದದ ಫೋಟೋ, ಕಡಿಮೆ ಬಾಡಿಗೆ, 'ನಾನು ಈಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಬೀಗದ ಕೈ ಪೋಸ್ಟ್‌ನಲ್ಲಿ ಬರುತ್ತದೆ.' ಬೀಗದ ಕೈ ಬರುವುದಿಲ್ಲ. ಬೆಂಗಳೂರಲ್ಲಿ ಪಿಜಿ ನೋಡುವಾಗ ಎರಡು ಸಲ ಹೋಗಿ ಬಾತ್‌ರೂಮ್ ಕೊಳಾಯಿ ತಿರುಗಿಸಿ ನೋಡುವ ನಮ್ಮವರೇ ಏಳು ಸಾವಿರ ಕಿಲೋಮೀಟರ್ ದೂರದ ಕೋಣೆಗೆ ನೋಡದೆ ದುಡ್ಡು ಕಟ್ಟುವಷ್ಟು ಗಾಬರಿಗೆ ಬೀಳುತ್ತಾರೆ. ಮೋಸದ ಈ ಮಾರುಕಟ್ಟೆಯನ್ನು ಹುಟ್ಟಿಸಿದ್ದು ಕೋಣೆಯ ಕೊರತೆ.

ಹಾಗಾದರೆ ವೆರ್ಕ್‌ಗಳು ಕಟ್ಟಬಾರದೇಕೆ?

ಮ್ಯೂನಿಕ್‌ನ ಉತ್ತರಕ್ಕಿರುವ ಶ್ಟುಡೆಂಟೆನ್‌ಸ್ಟಾಡ್ಟ್ ಫ್ರೈಮಾನ್ ನೋಡಿದರೆ ಉತ್ತರದ ಅರ್ಧ ಸಿಗುತ್ತದೆ. ಹೆಸರಿನ ಅರ್ಥವೇ ವಿದ್ಯಾರ್ಥಿ ನಗರ. 1960 ಮತ್ತು 70ರ ದಶಕಗಳಲ್ಲಿ ಕಟ್ಟಿದ್ದು. ಸುಮಾರು 2,500 ಜಾಗ, ಜರ್ಮನಿಯಲ್ಲೇ ದೊಡ್ಡ ವಿದ್ಯಾರ್ಥಿ ವಸತಿ. 2021ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಎತ್ತರದ ಕಟ್ಟಡದಲ್ಲಿ ಬೆಂಕಿ ಬಿದ್ದು ಒಬ್ಬ ಯುವತಿ ಸತ್ತಳು. ಆಮೇಲೆ ಪರಿಶೀಲನೆ ಶುರುವಾಯಿತು. ಒಂದಾದ ಮೇಲೊಂದು ಕಟ್ಟಡದಲ್ಲಿ ಬೆಂಕಿ ಸುರಕ್ಷತೆಯ, ಹಳೆ ಪೈಪು ವೈರುಗಳ ತೊಂದರೆ ಹೊರಬಿತ್ತು. ಖಾಲಿ ಮಾಡಿಸಿದರು. ಸಾವಿರಕ್ಕೂ ಜಾಸ್ತಿ ಕೋಣೆಗಳು ವರ್ಷಗಟ್ಟಲೆ ಖಾಲಿ ನಿಂತವು. ಒಂದು ಕಡೆ ಕಾಯುವವರ ಪಟ್ಟಿ ಸಾವಿರಗಟ್ಟಲೆ ಉದ್ದ, ಇನ್ನೊಂದು ಕಡೆ ಬೀಗ ಹಾಕಿದ ಗೋಪುರಗಳು. ವೆರ್ಕ್‌ನ ಕೈಯಲ್ಲಿ ಅಷ್ಟು ದೊಡ್ಡ ರಿಪೇರಿ ಮಾಡಿಸುವ ದುಡ್ಡಿರಲಿಲ್ಲ. ಕೊನೆಗೆ ಬವೇರಿಯಾ ರಾಜ್ಯದ ವಸತಿ ಕಂಪನಿಯನ್ನು ಕರೆತರಬೇಕಾಯಿತು.

ಇದನ್ನು ಮ್ಯೂನಿಕ್‌ನ ಅಧಿಕಾರಿಗಳ ಸೋಮಾರಿತನ ಎಂದು ಹೇಳಿಬಿಡುವುದು ಸುಲಭ. ಸ್ವಲ್ಪ ಅದೂ ಇರಬಹುದು. ಆದರೆ ದುಡ್ಡು ಬರುವ ದಾರಿ ನೋಡಿದರೆ ಇಂಥದ್ದು ಎಲ್ಲಾದರೂ ಆಗುವುದೇ ಎನಿಸುತ್ತದೆ. ವೆರ್ಕ್‌ಗಳ ಆದಾಯದ ದೊಡ್ಡ ಪಾಲು ಬಾಡಿಗೆ ಮತ್ತು ಊಟದ ಮಾರಾಟದಿಂದ. ಆಮೇಲೆ ವಿದ್ಯಾರ್ಥಿಗಳ ವಂತಿಗೆ. ರಾಜ್ಯ ಸರ್ಕಾರಗಳು ಕೊಡುವ ಅನುದಾನ 1990ರ ದಶಕದ ಶುರುವಿನಲ್ಲಿ ಆದಾಯದ ಕಾಲು ಭಾಗದಷ್ಟಿತ್ತು. ಈಗ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಬಾಡಿಗೆ ಕಡಿಮೆ ಇಡು, ಲಾಭ ಮಾಡಬೇಡ, ಅನುದಾನ ಕೇಳಬೇಡ, ಐವತ್ತು ವರ್ಷದ ಕಾಂಕ್ರೀಟನ್ನು ಹೊಸದಾಗಿ ಇಡು ಎಂದರೆ ಹೇಗೆ? ಬಾಡಿಗೆ ಕಡಿಮೆ ಇಟ್ಟಾಗ ಮೊದಲು ಸೊರಗುವುದು ರಿಪೇರಿಗೆಂದು ಎತ್ತಿಡುವ ದುಡ್ಡು. ಅದು ಹತ್ತಿಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಚೆನ್ನಾಗಿ ಆದದ್ದೂ ಇದೆ, ಅದೇ ಊರಲ್ಲಿ. 1972ರ ಒಲಿಂಪಿಕ್ಸ್‌ಗೆ ಮಹಿಳಾ ಕ್ರೀಡಾಪಟುಗಳಿಗೆಂದು ಕಟ್ಟಿದ ಪುಟ್ಟ ಪುಟ್ಟ ಮನೆಗಳನ್ನು ಆಟ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಕೊಟ್ಟರು. ಹಳೆಯದಾದಾಗ ಕೆಡವಿ, 2010ರ ಹೊತ್ತಿಗೆ ಅದೇ ಮಾದರಿಯಲ್ಲಿ ಸ್ವಲ್ಪ ಕಿರಿದಾಗಿ ಮತ್ತೆ ಕಟ್ಟಿದರು. ಮೊದಲು 800 ಇದ್ದದ್ದು ಈಗ 1,052. ಮುಂದಿನ ಗೋಡೆಗೆ ಒಳಗಿರುವವರು ತಮಗೆ ಬೇಕಾದ ಚಿತ್ರ ಬರೆದುಕೊಳ್ಳಬಹುದು. ಗಲ್ಲಿಗಳಲ್ಲಿ ನಡೆದು ಹೋದರೆ ಬಣ್ಣದ ಸಂತೆ. ದುಡ್ಡು ಹಾಕಿ, ಹೊತ್ತಿಗೆ ಸರಿಯಾಗಿ ಕೈ ಹಾಕಿದರೆ ಹಳೆ ಜಾಗದಲ್ಲೇ 250 ಜನರಿಗೆ ಹೆಚ್ಚಿಗೆ ಜಾಗ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜರ್ಮನಿಯ ಕೇಂದ್ರ ಸರ್ಕಾರ ಸುಮ್ಮನೆ ಕೂತಿಲ್ಲ. 2023ರಿಂದ 'ಯುಂಗೆಸ್ ವೋನೆನ್' ಎಂಬ ಯೋಜನೆಯಲ್ಲಿ ವಿದ್ಯಾರ್ಥಿಗಳ ಮತ್ತು ಕೆಲಸ ಕಲಿಯುವ ಹುಡುಗರ ವಸತಿಗೆ ವರ್ಷಕ್ಕೆ 50 ಕೋಟಿ ಯುರೋ ಎತ್ತಿಟ್ಟಿತು. ದುಡ್ಡು ಹೋಗುವುದು ರಾಜ್ಯಗಳ ಮೂಲಕ. ಒಳ್ಳೆಯದೇ. ಆದರೆ ಜಾಗ ಹುಡುಕಿ, ಅನುಮತಿ ಪಡೆದು, ಕಟ್ಟಿ ಮುಗಿಸುವಷ್ಟರಲ್ಲಿ ಈಗ ಅರ್ಜಿ ಹಾಕಿದವರು ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತಾರೆ.

ಇನ್ನು ನನಗೆ ಅತಿ ಹೆಚ್ಚು ಕುಟುಕುವ ವಿಷಯ. 2023ರಲ್ಲಿ ಬವೇರಿಯಾದ ಹೊಸ ಉನ್ನತ ಶಿಕ್ಷಣ ಕಾನೂನು ಬಂತು. ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ವಿಶ್ವವಿದ್ಯಾಲಯಗಳು ಫೀಸ್ ತೆಗೆದುಕೊಳ್ಳಬಹುದು ಎಂದು ಅದು ಹೇಳಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಅದನ್ನು ಜಾರಿಗೆ ತಂದಿತು. ಬ್ಯಾಚುಲರ್ಸ್‌ಗೆ ಸೆಮಿಸ್ಟರ್‌ಗೆ 2,000ದಿಂದ 3,000 ಯುರೋ, ಮಾಸ್ಟರ್ಸ್‌ಗೆ 4,000ದಿಂದ 6,000. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಮಾಸ್ಟರ್ಸ್‌ಗೆ. ಈ ದುಡ್ಡು ಹೋಗುವುದು ವಿಶ್ವವಿದ್ಯಾಲಯಕ್ಕೆ, ವೆರ್ಕ್‌ಗಲ್ಲ. ಒಂದೇ ವಿದ್ಯಾರ್ಥಿ ಒಂದು ಸಂಸ್ಥೆಗೆ 6,000 ಕಟ್ಟುತ್ತಾನೆ, ಇನ್ನೊಂದಕ್ಕೆ 100ಕ್ಕೂ ಕಡಿಮೆ. ಅವನಿಗೆ ಬಂದಿಳಿದ ದಿನ ಕೊರತೆ ಬೀಳುವುದು ಕೋಣೆ, ಅಂದರೆ ಎರಡನೆಯ ಸಂಸ್ಥೆ ಕೊಡುವ ವಸ್ತು. ಹೊರಗಿನವರನ್ನು ಕರೆಸಿಕೊಳ್ಳುವ ಲಾಭ ಒಂದು ಕಡೆ, ಅವರನ್ನು ಇರಿಸಿಕೊಳ್ಳುವ ಭಾರ ಇನ್ನೊಂದು ಕಡೆ. ಆ ಫೀಸಿನಲ್ಲಿ ಒಂದು ಪಾಲು ಕಾನೂನಿನ ಮೂಲಕವೇ ಹಾಸ್ಟೆಲ್ ಕಟ್ಟಲು ಹೋಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಕೆಲಸ ಮಾಡಿ ತುಂಬಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಮಾಡಬಹುದು. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯುರೋ. ಮ್ಯೂನಿಕ್‌ನ 800ಕ್ಕೂ ಸರ್ಕಾರದ ಲೆಕ್ಕದ 380ಕ್ಕೂ ಇರುವ ಅಂತರ 420 ಯುರೋ. ಅದನ್ನು ಮುಚ್ಚಲು ತಿಂಗಳಿಗೆ 30 ಗಂಟೆ ದುಡಿಯಬೇಕು. ಊಟಕ್ಕಲ್ಲ, ಸಿನಿಮಾಕ್ಕಲ್ಲ, ಸರ್ಕಾರ ತಪ್ಪು ಲೆಕ್ಕ ಹಾಕಿದ್ದಕ್ಕೆ. ಜರ್ಮನ್ ಭಾಷೆ ಬಾರದವನಿಗೆ ಆ ಕೆಲಸ ಬಂದ ಮೊದಲ ತಿಂಗಳಲ್ಲೇ ಸಿಗುವುದೂ ಇಲ್ಲ.

ಜರ್ಮನ್ ಮಕ್ಕಳೇ ಈ ಲೆಕ್ಕ ತಪ್ಪು ಎಂದು ಕೋರ್ಟಿಗೆ ಹೋಗಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ ಹೇಳಿದ್ದು: ಓದುವಾಗ ಬದುಕಿಗೆ ಸಾಕಾಗುವಷ್ಟು ಸಹಾಯಧನ ಕೊಡಲೇಬೇಕು ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ. ಎಷ್ಟು ಕೊಡಬೇಕು ಎನ್ನುವುದು ಸಂಸತ್ತಿಗೆ ಬಿಟ್ಟದ್ದು. ಅಲ್ಲಿಯ ಪ್ರಜೆಗಳಿಗೇ ಹೀಗೆ ಎಂದ ಮೇಲೆ ನಮ್ಮವರು ಯಾವ ಹಕ್ಕು ಕೇಳುತ್ತಾರೆ?

ಹೋಗುವವರು ತಮ್ಮ ಮಟ್ಟಿಗೆ ಮಾಡಬಹುದಾದದ್ದು ಎರಡು ಮೂರಿದೆ. ಮೊದಲನೆಯದು, ಸೇರುತ್ತಿರುವ ಕಾಲೇಜು ವೆರ್ಕ್‌ನ ವ್ಯಾಪ್ತಿಯಲ್ಲಿದೆಯಾ ಎಂದು ನೋಡುವುದು. ಇತ್ತೀಚೆಗೆ ಏಜೆಂಟರು ಜಾಸ್ತಿ ತಳ್ಳುವುದು ಖಾಸಗಿ ಸಂಸ್ಥೆಗಳಿಗೆ. ಅಂಥ ಎಷ್ಟೋ ಕಡೆ ವೆರ್ಕ್‌ಗೆ ವಂತಿಗೆ ಹೋಗುವುದೇ ಇಲ್ಲ. ವಂತಿಗೆ ಇಲ್ಲದಿದ್ದರೆ ವಿದ್ಯಾರ್ಥಿ ಬೆಲೆಯ ಊಟವೂ ಇಲ್ಲ, ಹಾಸ್ಟೆಲ್ ಸಾಲಿನಲ್ಲಿ ನಿಲ್ಲುವ ಹಕ್ಕೂ ಇಲ್ಲ. ಏಜೆಂಟ್ ಇದನ್ನು ಹೇಳುವುದಿಲ್ಲ. ಸೆಮಿಸ್ಟರ್ ಶುಲ್ಕದ ವಿವರದಲ್ಲಿ ಶ್ಟುಡೀರೆಂಡೆನ್‌ವೆರ್ಕ್ ಎಂಬ ಸಾಲು ಇದೆಯಾ ಎಂದು ನೀವೇ ನೋಡಬೇಕು.

ಎರಡನೆಯದು, ಅರ್ಜಿಯ ಹೊತ್ತು. ವೀಸಾ ಬರಲಿ ಎಂದು ಕಾಯುತ್ತಾ ಕೂತರೆ ಸಾಲಿನ ಹಿಂದೆ ಬೀಳುತ್ತೀರಿ. ಪ್ರತಿ ವೆರ್ಕ್‌ಗೂ ಅದರದೇ ನಿಯಮ. ಕೆಲವು ಕಡೆ ಪ್ರವೇಶ ಪತ್ರ ಕೈಗೆ ಬರುವ ಮೊದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಕೋಣೆ ಸಿಕ್ಕರೂ ಅದು ಓದು ಮುಗಿಯುವ ತನಕ ನಿಮ್ಮದೇ ಎಂದಲ್ಲ, ಇಷ್ಟು ಸೆಮಿಸ್ಟರ್ ಎಂದು ಮಿತಿ ಇರುತ್ತದೆ. ಹಾಸ್ಟೆಲುಗಳಲ್ಲಿ ಟ್ಯೂಟರ್ ಎಂದು ಹಿರಿಯ ವಿದ್ಯಾರ್ಥಿಗಳು ಇರುತ್ತಾರೆ, ಹೊಸಬರಿಗೆ ನೋಂದಣಿ, ಬ್ಯಾಂಕು, ಕಸ ವಿಂಗಡಣೆ ಎಲ್ಲ ಹೇಳಿಕೊಡಲು. ಕಸ ವಿಂಗಡಣೆಗೂ ಹೇಳಿಕೊಡಬೇಕಾ ಎಂದು ನಗಬೇಡಿ. ಅಲ್ಲಿ ಅದು ಒಂದು ಸಬ್ಜೆಕ್ಟ್.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. ಮ್ಯೂನಿಕ್ ಬಿಟ್ಟು ಬೇರೆ ಊರು ನೋಡಿ. ಪೂರ್ವ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಅಲ್ಲಿ ಭಾರತೀಯರು ಆಗಲೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬಾಡಿಗೆ ದೇಶದಲ್ಲೇ ಅತಿ ಕಡಿಮೆ ಇರುವ ಊರುಗಳಲ್ಲಿ ಅದೊಂದು. 992ರ ಲೆಕ್ಕ ಅಲ್ಲಿ ನಿಜಕ್ಕೂ ಕೂಡುತ್ತದೆ. ಹೆಸರು ದೊಡ್ಡದಿರಲಿಕ್ಕಿಲ್ಲ, ಓದು ಮುಗಿದ ಮೇಲೆ ಕೆಲಸ ಹುಡುಕಲು ಬೇರೆ ಕಡೆ ಹೋಗಬೇಕಾಗಬಹುದು. ಆದರೆ ಸೆಪ್ಟೆಂಬರ್‌ನಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಸ್ನೇಹಿತನ ಸ್ನೇಹಿತನ ಸೋಫಾದ ಮೇಲೆ ಮಲಗುವುದು ತಪ್ಪುತ್ತದೆ.

ಈ ನಡುವೆ 2025ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟ ತನ್ನ ಒಪ್ಪಂದದಲ್ಲಿ ಒಂದು ಮಾತು ಬರೆದುಕೊಂಡಿತು: ಬಾಫೊಗ್‌ನ ಬಾಡಿಗೆ ಪಾಲನ್ನು 2026ರ ಚಳಿಗಾಲದ ಸೆಮಿಸ್ಟರ್‌ನಿಂದ 380ರ ಬದಲು 440 ಮಾಡುತ್ತೇವೆ. ಜರ್ಮನ್ ವಿದ್ಯಾರ್ಥಿಗೆ ಇದರಿಂದ ತಿಂಗಳಿಗೆ 60 ಯುರೋ ಹೆಚ್ಚು ಬರುತ್ತದೆ. ನಮ್ಮವರಿಗೆ ಅದೇ ಅಳತೆ ಕೋಲು ಉಲ್ಟಾ ಬೀಳುತ್ತದೆ. ಬ್ಲಾಕ್ಡ್ ಅಕೌಂಟ್ ಈಗಿನಂತೆ ಬಾಫೊಗ್ ಜೊತೆಗೇ ಏರಿದರೆ ವರ್ಷಕ್ಕೆ 720 ಯುರೋ ಜಾಸ್ತಿ ಇಡಬೇಕು, 70 ಸಾವಿರ ರೂಪಾಯಿಗೂ ಮೇಲೆ. ತಿಂಗಳಿಗೆ ಕೈಗೆ ಬರುವ ಆ ಹೆಚ್ಚಿನ 60 ಯುರೋದಲ್ಲಿ ಮ್ಯೂನಿಕ್‌ನ ಕೋಣೆಗೆ ಎರಡು ದಿನದ ಬಾಡಿಗೆ ಆಗುತ್ತದೆ, ಜೊತೆಗೆ ಮೆನ್ಸಾದಲ್ಲಿ ಒಂದು ಊಟ.